ವಾಹನಗಳ ಹೊಗೆ ಪ್ರಮಾಣದ ತಪ್ಪು ಅಂಕಿಗಳು ಮತ್ತು ಮಾಲೀಕರ ಪರಿಹಾರದ ಹಕ್ಕು

ಪೀಠಿಕೆ

ಕಾರನ್ನು ಕೊಳ್ಳುವವರು ಅದರ ಬಣ್ಣ, ಆಸನ, ಎಂಜಿನ್ನಿನ ಶಕ್ತಿ ಮುಂತಾದುವನ್ನು ಕಣ್ಣಾರೆ ನೋಡಿ, ಸ್ವತಃ ಓಡಿಸಿ ತಿಳಿದುಕೊಳ್ಳಬಹುದು. ಆದರೆ ಅದು ಉಗುಳುವ ಹೊಗೆಯಲ್ಲಿ ಯಾವ ಅನಿಲ ಎಷ್ಟು ಪ್ರಮಾಣದಲ್ಲಿದೆ ಎಂಬುದನ್ನು ಅವರು ಅರಿಯಲಾರರು. ಈ ವಿಷಯದಲ್ಲಿ ತಯಾರಕರು ಹೇಳುವ ಅಂಕಿಯನ್ನೂ, ಪರೀಕ್ಷಾ ಸಂಸ್ಥೆಯು ನೀಡುವ ಪ್ರಮಾಣಪತ್ರವನ್ನೂ ನಂಬಿಯೇ ವ್ಯವಹಾರ ನಡೆಯುತ್ತದೆ. ಆ ಅಂಕಿಯೇ ಸುಳ್ಳಾದರೆ ಹಾನಿಯು ಎರಡು ಕಡೆಗೆ ತಗಲುತ್ತದೆ. ಒಂದು, ಆ ಗಾಳಿಯನ್ನು ಉಸಿರಾಡುವ ಸಾರ್ವಜನಿಕರಿಗೆ. ಇನ್ನೊಂದು, ಪೂರ್ಣ ಬೆಲೆ ತೆತ್ತು ವಾಹನವನ್ನು ಕೊಂಡ ಮಾಲೀಕರಿಗೆ.

ಈ ಎರಡು ಹಾನಿಗಳು ಬೇರೆ ಬೇರೆ. ಅವುಗಳಿಗೆ ದೊರೆಯುವ ಪರಿಹಾರದ ಮಾರ್ಗಗಳೂ ಬೇರೆ. ತಯಾರಿಕಾ ಸಂಸ್ಥೆಗೆ ನೂರಾರು ಕೋಟಿ ರೂಪಾಯಿಗಳ ದಂಡ ಬಿದ್ದಿತೆಂಬ ಸುದ್ದಿಯನ್ನು ಓದಿದ ಮಾಲೀಕರು ಅದರಲ್ಲಿ ತಮಗೂ ಪಾಲು ಬರುವುದೆಂದು ಕಾದು ಕುಳಿತರೆ, ತಮ್ಮ ಹಕ್ಕನ್ನು ಸ್ಥಾಪಿಸುವ ಕಾಲಮಿತಿಯೇ ಮುಗಿದುಹೋಗಬಹುದು. ಹೊರದೇಶಗಳಲ್ಲಿ ಈ ಪ್ರಶ್ನೆ ಹೇಗೆ ತೀರ್ಮಾನವಾಯಿತು, ನಮ್ಮ ದೇಶದಲ್ಲಿ ಏನಾಯಿತು, ಇಂದಿನ ಕಾನೂನಿನಲ್ಲಿ ಮಾಲೀಕರಿಗೆ ಯಾವ ದಾರಿಗಳಿವೆ ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಅಂಕಿ ಹುಟ್ಟುವ ಬಗೆ

ಹೊಸ ಮಾದರಿಯ ವಾಹನವನ್ನು ಮಾರುಕಟ್ಟೆಗೆ ಬಿಡುವ ಮೊದಲು ಅದನ್ನು ಪ್ರಯೋಗಾಲಯದಲ್ಲಿ ಉರುಳೆಗಳ ಮೇಲೆ ನಿಲ್ಲಿಸಿ ಓಡಿಸಲಾಗುತ್ತದೆ. ಎಷ್ಟು ಹೊತ್ತು ಯಾವ ವೇಗದಲ್ಲಿ ಓಡಬೇಕೆಂಬುದು ಮೊದಲೇ ನಿಗದಿಯಾಗಿರುತ್ತದೆ. ಹೊರಬರುವ ಅನಿಲಗಳನ್ನು ಸಂಗ್ರಹಿಸಿ, ಪ್ರತಿ ಕಿಲೋಮೀಟರಿಗೆ ಇಷ್ಟು ಎಂದು ಲೆಕ್ಕ ಹಾಕಲಾಗುತ್ತದೆ. ನಮ್ಮಲ್ಲಿ 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಜಾರಿಯಲ್ಲಿರುವ ಭಾರತ್ ಸ್ಟೇಜ್ 6 ನಿಯಮಗಳ ಪ್ರಕಾರ ಡೀಸೆಲ್ ಕಾರು ಪ್ರತಿ ಕಿಲೋಮೀಟರಿಗೆ 80 ಮಿಲಿಗ್ರಾಮಿಗಿಂತ ಹೆಚ್ಚು ಸಾರಜನಕದ ಆಕ್ಸೈಡುಗಳನ್ನು ಉಗುಳುವಂತಿಲ್ಲ. ಅದಕ್ಕೆ ಹಿಂದಿನ ಭಾರತ್ ಸ್ಟೇಜ್ 4 ನಿಯಮದಲ್ಲಿ ಈ ಮಿತಿ 250 ಮಿಲಿಗ್ರಾಮ್ ಆಗಿತ್ತು.

ಪರೀಕ್ಷೆಯ ಕ್ರಮವು ಮೊದಲೇ ಗೊತ್ತಿರುವುದರಿಂದ ಪರೀಕ್ಷೆಗೆಂದೇ ವಾಹನವನ್ನು ಸಿದ್ಧಗೊಳಿಸುವ ಅವಕಾಶವೂ ಉಂಟು. ಇದನ್ನು ತಡೆಯಲು ವಾಹನವನ್ನು ನಿಜವಾದ ರಸ್ತೆಯಲ್ಲಿ ಓಡಿಸಿ, ಅದರ ಹಿಂಭಾಗಕ್ಕೆ ಅಳತೆಯ ಉಪಕರಣವನ್ನು ಜೋಡಿಸಿ ಪರೀಕ್ಷಿಸುವ ಪದ್ಧತಿಯನ್ನು 2023ರ ಏಪ್ರಿಲ್ 1ರಿಂದ ಭಾರತದಲ್ಲಿಯೂ ಕಡ್ಡಾಯಗೊಳಿಸಲಾಯಿತು.

ಇಲ್ಲಿ ಒಂದು ಮಾತನ್ನು ಓದುಗರು ವಿಶೇಷವಾಗಿ ಗಮನಿಸಬೇಕು. ಮಾಲೀಕರು ಕಾಲಕಾಲಕ್ಕೆ ಪಡೆಯುವ ಮಾಲಿನ್ಯ ನಿಯಂತ್ರಣ ಪ್ರಮಾಣಪತ್ರ, ಅಂದರೆ ಪಿಯುಸಿ, ಈ ಅಂಕಿಯ ಸತ್ಯಾಸತ್ಯತೆಯನ್ನು ತಿಳಿಸುವುದಿಲ್ಲ. ಆ ಪರೀಕ್ಷೆಯಲ್ಲಿ ಪೆಟ್ರೋಲ್ ವಾಹನಗಳ ಇಂಗಾಲದ ಮಾನಾಕ್ಸೈಡು ಮತ್ತು ಹೈಡ್ರೋಕಾರ್ಬನ್‌ಗಳನ್ನೂ, ಡೀಸೆಲ್ ವಾಹನಗಳ ಹೊಗೆಯ ದಟ್ಟತೆಯನ್ನೂ ಅಳೆಯಲಾಗುತ್ತದೆ. ಸಾರಜನಕದ ಆಕ್ಸೈಡುಗಳನ್ನು ಅಳೆಯುವುದಿಲ್ಲ. ಆದ್ದರಿಂದ ಪ್ರತಿ ಬಾರಿಯೂ ಪಿಯುಸಿಯಲ್ಲಿ ಉತ್ತೀರ್ಣವಾದ ವಾಹನವೂ ತಪ್ಪು ಅಂಕಿಯ ವಾಹನವಾಗಿರಬಹುದು. ಮಾಲೀಕರು ಸ್ವಂತ ಪ್ರಯತ್ನದಿಂದ ಇದನ್ನು ಪತ್ತೆಮಾಡುವುದು ಬಹುಮಟ್ಟಿಗೆ ಅಸಾಧ್ಯ.

2015ರ ಫೋಕ್ಸ್‌ವ್ಯಾಗನ್ ಪ್ರಕರಣ

ಈ ವಿಷಯ ಜಗತ್ತಿನ ಗಮನಕ್ಕೆ ಬಂದುದು ಅಮೆರಿಕದಲ್ಲಿ. ಅಲ್ಲಿನ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಸಂಶೋಧಕರ ಸಣ್ಣ ತಂಡವೊಂದು ಡೀಸೆಲ್ ಕಾರುಗಳನ್ನು ರಸ್ತೆಯಲ್ಲಿ ಓಡಿಸಿ ಹೊಗೆಯನ್ನು ಅಳೆಯಿತು. ಬೆಂಗಳೂರು ಮೂಲದ ಹೇಮಂತ್ ಕಪ್ಪಣ್ಣ ಅವರೂ ಆ ತಂಡದಲ್ಲಿದ್ದರು. 2014ರಲ್ಲಿ ಪ್ರಕಟವಾದ ಅವರ ವರದಿಯಲ್ಲಿ, ಪ್ರಯೋಗಾಲಯದಲ್ಲಿ ನಿಯಮಕ್ಕೆ ಒಳಪಟ್ಟಿದ್ದ ಕಾರುಗಳೇ ರಸ್ತೆಯಲ್ಲಿ ಮಿತಿಯನ್ನು ಹಲವು ಪಟ್ಟು ಮೀರುತ್ತಿದ್ದುದು ಕಂಡುಬಂದಿತು.

2015ರ ಸೆಪ್ಟೆಂಬರ್ 18ರಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು ಜರ್ಮನಿಯ ಫೋಕ್ಸ್‌ವ್ಯಾಗನ್ ಸಂಸ್ಥೆಗೆ ನೋಟೀಸು ನೀಡಿತು. ಕಾರಿನ ಗಣಕದಲ್ಲಿ ಅಳವಡಿಸಿದ್ದ ತಂತ್ರಾಂಶವು ಚಾಲನಾ ಚಕ್ರದ ಸ್ಥಿತಿ, ವೇಗ, ಎಂಜಿನ್ ಓಡಿದ ಅವಧಿ, ಗಾಳಿಯ ಒತ್ತಡ ಮುಂತಾದುವನ್ನು ಗ್ರಹಿಸಿ, ಪರೀಕ್ಷೆ ನಡೆಯುತ್ತಿದೆಯೇ ಇಲ್ಲವೇ ಎಂಬುದನ್ನು ಊಹಿಸುತ್ತಿತ್ತು. ಪರೀಕ್ಷೆಯ ವೇಳೆ ಮಾತ್ರ ಮಾಲಿನ್ಯ ನಿಯಂತ್ರಣ ಸಾಧನಗಳು ಪೂರ್ಣವಾಗಿ ಕೆಲಸ ಮಾಡುತ್ತಿದ್ದವು. ರಸ್ತೆಯಲ್ಲಿ ಸಾರಜನಕದ ಆಕ್ಸೈಡುಗಳು ಮಿತಿಯ 40 ಪಟ್ಟಿನವರೆಗೂ ಹೊರಬೀಳುತ್ತಿದ್ದವು. ಅಮೆರಿಕದಲ್ಲಿ ಮೊದಲಿಗೆ ಸುಮಾರು 4.82 ಲಕ್ಷ ಕಾರುಗಳು ಈ ಪಟ್ಟಿಯಲ್ಲಿದ್ದವು. ಜಗತ್ತಿನಲ್ಲಿ ಒಟ್ಟು ಸುಮಾರು 1.1 ಕೋಟಿ ವಾಹನಗಳಿಗೆ ಈ ಬಗೆಯ ತಂತ್ರಾಂಶವಿರುವುದನ್ನು ಸಂಸ್ಥೆಯು ಒಪ್ಪಿಕೊಂಡಿತು.

ಮಾಲೀಕನ ನಷ್ಟ ಯಾವುದು?

ಇಲ್ಲಿ ಏಳುವ ಪ್ರಶ್ನೆ ಸರಳವಲ್ಲ. ಕಾರು ಚೆನ್ನಾಗಿಯೇ ಓಡುತ್ತಿದೆ, ಅಪಘಾತವಾಗಿಲ್ಲ, ಎಂಜಿನ್ ಕೆಟ್ಟಿಲ್ಲ. ಹೊಗೆಯಿಂದ ಕೆಟ್ಟುದು ಊರಿನ ಗಾಳಿ. ಹೀಗಿರುವಾಗ ಮಾಲೀಕನು ಕಳೆದುಕೊಂಡುದೇನು? ತಯಾರಕರು ಅನೇಕ ದೇಶಗಳಲ್ಲಿ ಮುಂದಿಟ್ಟ ವಾದ ಇದೇ ಆಗಿತ್ತು.

ಇದಕ್ಕೆ ನಾಲ್ಕು ಉತ್ತರಗಳಿವೆ. ಮೊದಲನೆಯದಾಗಿ, ಸ್ವಚ್ಛ ವಾಹನವೆಂದು ನಂಬಿ ತೆತ್ತ ಬೆಲೆ ಹೆಚ್ಚಾಯಿತು. ಎರಡನೆಯದಾಗಿ, ಸುದ್ದಿ ಹೊರಬಿದ್ದ ಮೇಲೆ ಮರುಮಾರಾಟದ ಬೆಲೆ ಕುಸಿಯಿತು. ಮೂರನೆಯದಾಗಿ, ದೋಷವನ್ನು ಸರಿಪಡಿಸಿದ ಮೇಲೆ ಇಂಧನದ ಖರ್ಚು ಹೆಚ್ಚಬಹುದೆಂಬ, ಎಂಜಿನ್ನಿನ ಬಾಳಿಕೆ ತಗ್ಗಬಹುದೆಂಬ ಆತಂಕ ಉಳಿಯಿತು. ನಾಲ್ಕನೆಯದಾಗಿ, ನಿಯಮಕ್ಕೆ ಹೊಂದದ ವಾಹನದ ನೋಂದಣಿಯನ್ನು ಸರ್ಕಾರ ರದ್ದುಗೊಳಿಸಿದರೆ ಅದನ್ನು ರಸ್ತೆಗೆ ಇಳಿಸುವ ಹಕ್ಕೇ ಇಲ್ಲವಾಗುವ ಅಪಾಯವಿತ್ತು. ಈ ನಾಲ್ಕರಲ್ಲಿ ಯಾವುದನ್ನು ನ್ಯಾಯಾಲಯ ಎತ್ತಿ ಹಿಡಿಯಿತು ಎಂಬುದನ್ನು ಅನುಸರಿಸಿ ಪರಿಹಾರದ ಮೊತ್ತವೂ ಬದಲಾಯಿತು.

ಹೊರದೇಶಗಳ ಅನುಭವ

ಅಮೆರಿಕದಲ್ಲಿ ಬೇರೆ ಬೇರೆ ನ್ಯಾಯಾಲಯಗಳಲ್ಲಿದ್ದ ಮಾಲೀಕರ ದಾವೆಗಳನ್ನು ಒಂದೆಡೆ ಸೇರಿಸಿ, ಎಲ್ಲ ಮಾಲೀಕರ ಪರವಾಗಿ ಒಂದೇ ಸಾಮೂಹಿಕ ಮೊಕದ್ದಮೆಯಾಗಿ ನಡೆಸಲಾಯಿತು. 2016ರ ಅಕ್ಟೋಬರ್ 25ರಂದು ನ್ಯಾಯಾಧೀಶ ಚಾರ್ಲ್ಸ್ ಬ್ರೇಯರ್ ಅವರು ಸುಮಾರು 1,470 ಕೋಟಿ ಡಾಲರುಗಳ ರಾಜಿ ಒಪ್ಪಂದಕ್ಕೆ ಅಂತಿಮ ಒಪ್ಪಿಗೆ ನೀಡಿದರು. ಇದರಲ್ಲಿ ಮಾಲೀಕರ ಪಾಲಿಗೆಂದು ಸುಮಾರು 1,003 ಕೋಟಿ ಡಾಲರುಗಳವರೆಗೆ ಪ್ರತ್ಯೇಕವಾಗಿ ಮೀಸಲಿಡಲಾಯಿತು. ಗಾಳಿಗಾದ ಹಾನಿಗೆ 270 ಕೋಟಿ ಡಾಲರುಗಳ ಬೇರೆಯೇ ನಿಧಿ ಏರ್ಪಟ್ಟಿತು. ವಾಹನವನ್ನು ಸಂಸ್ಥೆಗೇ ಮರಳಿ ಮಾರುವುದು ಅಥವಾ ಅನುಮೋದಿತ ರೀತಿಯಲ್ಲಿ ದುರಸ್ತಿ ಮಾಡಿಸಿಕೊಂಡು ಉಳಿಸಿಕೊಳ್ಳುವುದು, ಇವುಗಳಲ್ಲಿ ಒಂದನ್ನು ಮಾಲೀಕರು ಆಯ್ದುಕೊಳ್ಳಬಹುದಾಗಿತ್ತು. ಮರಳಿ ಮಾರುವವರಿಗೆ ಹಗರಣ ಹೊರಬೀಳುವುದಕ್ಕೆ ಮುಂಚಿನ ಬೆಲೆಯನ್ನೇ ಆಧಾರವಾಗಿ ಹಿಡಿಯಲಾಯಿತು. ಇದರ ಮೇಲೆ ಸಾಮಾನ್ಯವಾಗಿ 5,100ರಿಂದ 10,000 ಡಾಲರುಗಳವರೆಗೆ ನಗದು ಪರಿಹಾರವೂ ದೊರೆಯಿತು. ಆದರೆ 2018ರ ಸೆಪ್ಟೆಂಬರ್ 1ರ ಒಳಗೆ ಅರ್ಜಿ ಸಲ್ಲಿಸಬೇಕಾಗಿತ್ತು.

ಜರ್ಮನಿಯಲ್ಲಿ ಇಂಥ ಸಾಮೂಹಿಕ ದಾವೆಗೆ ಅವಕಾಶವಿರಲಿಲ್ಲ. ಒಬ್ಬೊಬ್ಬರೇ ನ್ಯಾಯಾಲಯಕ್ಕೆ ಹೋಗಬೇಕಾಗಿತ್ತು. ಅದರ ಖರ್ಚಿಗೆ ಹೆದರಿ ಬಹುಮಂದಿ ಸುಮ್ಮನಿದ್ದರು. ಕಾಲಮಿತಿ ಮುಗಿಯುವ ಹೊತ್ತಿಗೆ, 2018ರ ನವೆಂಬರ್ 1ರಿಂದ, ಗ್ರಾಹಕ ಸಂಘಗಳು ಎಲ್ಲರ ಪರವಾಗಿ ಮಾದರಿ ದಾವೆ ಹೂಡುವ ಹೊಸ ಕಾನೂನು ಜಾರಿಗೆ ಬಂದಿತು. ಅದರ ಫಲವಾಗಿ 2020ರ ಫೆಬ್ರವರಿಯಲ್ಲಿ ಸುಮಾರು 2.6 ಲಕ್ಷ ಮಾಲೀಕರಿಗಾಗಿ 83 ಕೋಟಿ ಯೂರೋಗಳ ರಾಜಿ ಏರ್ಪಟ್ಟಿತು. ಒಬ್ಬೊಬ್ಬರಿಗೆ ವಾಹನದ ಮಾದರಿ ಮತ್ತು ವಯಸ್ಸನ್ನನುಸರಿಸಿ 1,350ರಿಂದ 6,257 ಯೂರೋ ನಿಗದಿಯಾಯಿತು.

ಅದೇ ವರ್ಷ ಮೇ 25ರಂದು ಜರ್ಮನಿಯ ಸರ್ವೋಚ್ಚ ನಾಗರಿಕ ನ್ಯಾಯಾಲಯವು ಮೇಲಿನ ಪ್ರಶ್ನೆಗೆ ಸ್ಪಷ್ಟವಾದ ಉತ್ತರ ನೀಡಿತು. 2014ರಲ್ಲಿ ಬಳಸಿದ ಕಾರೊಂದನ್ನು 31,490 ಯೂರೋಗಳಿಗೆ ಕೊಂಡ ಗ್ರಾಹಕರೊಬ್ಬರ ಮೊಕದ್ದಮೆ ಅದು. ಸತ್ಯ ತಿಳಿದಿದ್ದರೆ ಅವರು ಆ ಕಾರನ್ನು ಕೊಳ್ಳುತ್ತಲೇ ಇರಲಿಲ್ಲ; ಬೇಡವಾದ ಒಪ್ಪಂದಕ್ಕೆ ಸಿಲುಕಿದುದೇ ನಷ್ಟ ಎಂದು ನ್ಯಾಯಾಲಯ ಹೇಳಿತು. ಅಷ್ಟು ವರ್ಷ ಕಾರನ್ನು ಓಡಿಸಿದ ಪ್ರಯೋಜನದ ಮೌಲ್ಯವನ್ನು ಕಳೆದು, ಸುಮಾರು 25,600 ಯೂರೋಗಳನ್ನು ಹಿಂದಿರುಗಿಸುವ ತೀರ್ಪು ಉಳಿಯಿತು. ಆದರೆ ಹಗರಣ ಬಹಿರಂಗವಾದ ಮೇಲೆ ಕೊಂಡವರಿಗೆ ಈ ಪರಿಹಾರ ಸಲ್ಲದೆಂದು 2020ರ ಜುಲೈನಲ್ಲಿ ಅದೇ ನ್ಯಾಯಾಲಯ ತೀರ್ಪಿತ್ತಿತು. ಮುಂದೆ ಯೂರೋಪಿನ ನ್ಯಾಯಾಲಯವು 2023ರ ಮಾರ್ಚ್ 21ರಂದು ನೀಡಿದ ತೀರ್ಪನ್ನು ಅನುಸರಿಸಿ, ಉದ್ದೇಶಪೂರ್ವಕ ವಂಚನೆ ಸಾಬೀತಾಗದೆ ಕೇವಲ ಅಜಾಗರೂಕತೆ ಇದ್ದ ಸಂದರ್ಭದಲ್ಲಿಯೂ ಕೊಂಡ ಬೆಲೆಯ ಶೇಕಡಾ 5ರಿಂದ 15ರಷ್ಟನ್ನು ಪರಿಹಾರವಾಗಿ ನೀಡಬಹುದೆಂದು ಜರ್ಮನಿಯಲ್ಲಿ ನಿರ್ಧಾರವಾಯಿತು.

ಇಂಗ್ಲೆಂಡ್ ಮತ್ತು ವೇಲ್ಸ್‌ನ ಸುಮಾರು 91,000 ಮಾಲೀಕರು ಒಟ್ಟಾಗಿ ಹೋರಾಡಿ 2022ರ ಮೇ ತಿಂಗಳಲ್ಲಿ 19.3 ಕೋಟಿ ಪೌಂಡುಗಳ ರಾಜಿ ಪಡೆದರು. ಇಂಧನದ ಅಂಕಿಗಳ ವಿಷಯದಲ್ಲಿಯೂ ಇಂಥ ಉದಾಹರಣೆಗಳಿವೆ. ಅಮೆರಿಕದಲ್ಲಿ ಹುಂಡೈ ಮತ್ತು ಕಿಯಾ ಸಂಸ್ಥೆಗಳು ಸುಮಾರು 9 ಲಕ್ಷ ವಾಹನಗಳ ಮೈಲೇಜನ್ನು ಹೆಚ್ಚಾಗಿ ತೋರಿಸಿದ್ದುದು 2012ರಲ್ಲಿ ಬಯಲಾದಾಗ, ಮಾಲೀಕರು ಓಡಿಸಿದ ದೂರದ ಲೆಕ್ಕದಲ್ಲಿ ಹೆಚ್ಚುವರಿ ಇಂಧನದ ವೆಚ್ಚವನ್ನೂ ಅದರ ಮೇಲೆ ಶೇಕಡಾ 15ನ್ನೂ ಭರಿಸಲು ಒಪ್ಪಿದವು. ಜಪಾನಿನಲ್ಲಿ ಮಿತ್ಸುಬಿಷಿ ಸಂಸ್ಥೆಯು 2016ರಲ್ಲಿ ಬಯಲಾದ ಸಣ್ಣ ಕಾರುಗಳ ಪ್ರಕರಣದಲ್ಲಿ ಮಾಲೀಕರಿಗೆ ತಲಾ ಒಂದು ಲಕ್ಷ ಯೆನ್ ನೀಡಿತು.

ಈ ಉದಾಹರಣೆಗಳಿಂದ ತಿಳಿದುಬರುವುದೇನೆಂದರೆ, ಒಂದೇ ಬಗೆಯ ದೋಷಕ್ಕೆ ದೇಶದಿಂದ ದೇಶಕ್ಕೆ ಬೇರೆ ಬೇರೆ ಪರಿಹಾರ ದೊರೆತಿದೆ. ಮಾಲೀಕರು ಒಗ್ಗೂಡಿ ಕೇಳಲು ಕಾನೂನಿನಲ್ಲಿ ದಾರಿ ಇದ್ದ ಕಡೆ ಪರಿಹಾರ ಬೇಗ ಬಂದಿದೆ. ಇಲ್ಲದ ಕಡೆ ತಡವಾಗಿದೆ.

ಭಾರತದಲ್ಲಿ ನಡೆದುದು

ನಮ್ಮಲ್ಲಿ ಈ ಬಗೆಯ ಪ್ರಕರಣ ಮೊದಲು ಕೇಳಿಬಂದುದು 2013ರಲ್ಲಿ. ಆ ವರ್ಷ ಜುಲೈನಲ್ಲಿ ಜನರಲ್ ಮೋಟಾರ್ಸ್ ಇಂಡಿಯಾ ಸಂಸ್ಥೆಯು 2005ರಿಂದ 2013ರವರೆಗೆ ತಯಾರಾದ ಸುಮಾರು 1.14 ಲಕ್ಷ ಷೆವರ್ಲೆ ಟವೇರಾ ವಾಹನಗಳನ್ನು, ಹೊಗೆಯ ನಿಯಮಗಳಿಗೆ ಹೊಂದುವುದಿಲ್ಲವೆಂಬ ಕಾರಣದಿಂದ ಹಿಂದಕ್ಕೆ ಕರೆಸಿಕೊಂಡಿತು. ಕೇಂದ್ರ ಸರ್ಕಾರವು ತನಿಖೆಗೆ ಸಮಿತಿಯನ್ನು ನೇಮಿಸಿತು.

ಫೋಕ್ಸ್‌ವ್ಯಾಗನ್ ಸಮೂಹವು 2015ರ ಡಿಸೆಂಬರಿನಲ್ಲಿ ಭಾರತದಲ್ಲಿನ 3,23,700 ವಾಹನಗಳ ತಂತ್ರಾಂಶವನ್ನು ಬದಲಾಯಿಸಿಕೊಡಲು ಮುಂದೆ ಬಂದಿತು. ಪ್ರಕರಣವು ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದ ಮುಂದೆ ಹೋಯಿತು. ತಜ್ಞರ ಸಮಿತಿಯು ದೆಹಲಿಯಲ್ಲಿ ಜನರ ಆರೋಗ್ಯಕ್ಕಾದ ಹಾನಿಯನ್ನು 171.34 ಕೋಟಿ ರೂಪಾಯಿಗಳೆಂದು ಅಂದಾಜು ಮಾಡಿತು. ಇಂಥ ಕೃತ್ಯ ಮರುಕಳಿಸದಿರಲೆಂದು ಮೊತ್ತವನ್ನು ಹೆಚ್ಚಿಸಿ, 2019ರ ಮಾರ್ಚ್ 7ರಂದು ನ್ಯಾಯಾಧಿಕರಣವು 500 ಕೋಟಿ ರೂಪಾಯಿಗಳನ್ನು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಗೆ ಸಲ್ಲಿಸುವಂತೆ ಆದೇಶಿಸಿತು. ಭಾರತದ ನಿಯಮಗಳನ್ನು ತಾನು ಮೀರಿಲ್ಲ, ರಸ್ತೆಯ ಮೇಲಿನ ಪರೀಕ್ಷೆಗೆ ಆಗ ಯಾವ ಮಾನದಂಡವೂ ಇರಲಿಲ್ಲ ಎಂಬುದು ಸಂಸ್ಥೆಯ ವಾದವಾಗಿತ್ತು. 2019ರ ಮೇ 6ರಂದು ಸರ್ವೋಚ್ಚ ನ್ಯಾಯಾಲಯವು ಸಂಸ್ಥೆಯ ವಿರುದ್ಧ ಬಲವಂತದ ಕ್ರಮ ಕೈಗೊಳ್ಳದಂತೆ ಸೂಚಿಸಿತು.

ಆ 500 ಕೋಟಿಯ ಆದೇಶವು ಪರಿಸರದ ಹೆಸರಿನಲ್ಲಿ ಹೊರಟದ್ದು. ಅದು ಜಾರಿಯಾದರೂ ಕಾರಿನ ಮಾಲೀಕರಿಗೆ ಅದರಿಂದ ಒಂದು ರೂಪಾಯಿಯೂ ಬರುವಂತಿರಲಿಲ್ಲ. ಅಮೆರಿಕದ ಒಪ್ಪಂದದಲ್ಲಿ ಗಾಳಿಗೂ ಮಾಲೀಕರಿಗೂ ಎರಡು ಪ್ರತ್ಯೇಕ ಮೊತ್ತಗಳಿದ್ದುದನ್ನು ಇದರೊಡನೆ ಹೋಲಿಸಿ ನೋಡಬಹುದು. ಭಾರತದ ಮಾಲೀಕರು ತಮ್ಮ ಪಾಲಿನ ಪರಿಹಾರವನ್ನು ಗ್ರಾಹಕ ಕಾನೂನಿನ ಮೂಲಕ ತಾವೇ ಕೇಳಬೇಕು.

ಹೀಗೆ ಕೇಳಿ ಪಡೆದ ನಿದರ್ಶನ ಕೇರಳದಲ್ಲಿದೆ. ಅದು ಮೈಲೇಜಿಗೆ ಸಂಬಂಧಿಸಿದ್ದು. ಲೀಟರಿಗೆ 32 ಕಿಲೋಮೀಟರ್ ಎಂದು ಪ್ರಚಾರ ಮಾಡಲಾಗಿದ್ದ ಫೋರ್ಡ್ ಡೀಸೆಲ್ ಕಾರೊಂದು, ನೇಮಿತ ತಜ್ಞರ ಪರೀಕ್ಷೆಯಲ್ಲಿ ಸುಮಾರು 19.6 ಕಿಲೋಮೀಟರ್ ಮಾತ್ರ ಓಡಿತು. ತ್ರಿಶೂರಿನ ಜಿಲ್ಲಾ ಗ್ರಾಹಕ ಆಯೋಗವು 2022ರಲ್ಲಿ ಮಾಲೀಕರಿಗೆ 3 ಲಕ್ಷ ರೂಪಾಯಿ ಪರಿಹಾರ ಮತ್ತು 10,000 ರೂಪಾಯಿ ಖರ್ಚು ನೀಡುವಂತೆ ಆದೇಶಿಸಿತು.

ಗ್ರಾಹಕ ಸಂರಕ್ಷಣಾ ಅಧಿನಿಯಮ, 2019

2020ರ ಜುಲೈನಲ್ಲಿ ಜಾರಿಗೆ ಬಂದ ಈ ಅಧಿನಿಯಮದಲ್ಲಿ ಮಾಲೀಕರಿಗೆ ನೆರವಾಗುವ ಹಲವು ಉಪಬಂಧಗಳಿವೆ.

‘ದೋಷ’ ಎಂಬ ಪದಕ್ಕೆ ಕೊಟ್ಟಿರುವ ಅರ್ಥ ವಿಶಾಲವಾದುದು. ಕಾನೂನು ವಿಧಿಸಿದ ಗುಣಮಟ್ಟಕ್ಕೆ ಕೊರತೆಯಾದರೆ ಮಾತ್ರವಲ್ಲ, ಮಾರುವವರು ಯಾವುದೇ ರೀತಿಯಲ್ಲಿ ಹೇಳಿಕೊಂಡ ಗುಣಮಟ್ಟಕ್ಕೆ ಕೊರತೆಯಾದರೂ ಅದು ದೋಷವೇ. ಆದ್ದರಿಂದ ಚೆನ್ನಾಗಿ ಓಡುವ ಕಾರಿನಲ್ಲಿಯೂ ಕಾನೂನಿನ ಅರ್ಥದಲ್ಲಿ ದೋಷವಿರಬಹುದು. ಮುಖ್ಯವಾದ ವಿಷಯವನ್ನು ಬೇಕೆಂದೇ ಮರೆಮಾಚುವ ಜಾಹೀರಾತು ದಾರಿತಪ್ಪಿಸುವ ಜಾಹೀರಾತೆನಿಸುತ್ತದೆ. ಅಂಥ ಜಾಹೀರಾತಿಗಾಗಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಮೊದಲ ಬಾರಿಗೆ 10 ಲಕ್ಷ, ಮರುಕಳಿಸಿದರೆ 50 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು.

ಗ್ರಾಹಕ ಆಯೋಗವು ದೋಷವನ್ನು ಸರಿಪಡಿಸಲು, ವಾಹನವನ್ನು ಬದಲಾಯಿಸಿಕೊಡಲು, ಬೆಲೆಯನ್ನು ಹಿಂದಿರುಗಿಸಲು ಅಥವಾ ನಷ್ಟಕ್ಕೆ ಪರಿಹಾರ ನೀಡಲು ಆದೇಶಿಸಬಹುದು. ಪ್ರಯೋಗಾಲಯದ ಪರೀಕ್ಷೆ ಇಲ್ಲದೆ ದೋಷವನ್ನು ತಿಳಿಯಲಾಗದಿದ್ದರೆ ಅಂಥ ಪರೀಕ್ಷೆಗೆ ಕಳುಹಿಸುವ ಅಧಿಕಾರವೂ ಆಯೋಗಕ್ಕಿದೆ.

ಒಂದೇ ಬಗೆಯ ಹಿತಾಸಕ್ತಿ ಉಳ್ಳ ಅನೇಕ ಗ್ರಾಹಕರ ಪರವಾಗಿ ಒಬ್ಬರು ಅಥವಾ ಕೆಲವರು, ಆಯೋಗದ ಅನುಮತಿ ಪಡೆದು, ದೂರು ಸಲ್ಲಿಸಲು 35ನೆಯ ಕಲಮಿನಲ್ಲಿ ಅವಕಾಶವಿದೆ. ಎಲ್ಲರ ಪರವಾಗಿ ದೂರು ನೀಡುವವರು ಹಿತಾಸಕ್ತಿ ಒಂದೇ ಎಂಬುದನ್ನು ದೂರಿನಲ್ಲಿಯೇ ಸ್ಪಷ್ಟಪಡಿಸಬೇಕು. ಹಾಗಿಲ್ಲದಿದ್ದರೂ ಕೆಲವರು ಸೇರಿ ತಮ್ಮ ಮಟ್ಟಿಗೆ ಜಂಟಿಯಾಗಿ ದೂರು ಕೊಡಬಹುದು ಎಂದು ಬೆಂಗಳೂರಿನ ಬ್ರಿಗೇಡ್ ವಸತಿ ಸಮುಚ್ಚಯದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2021ರ ಡಿಸೆಂಬರಿನಲ್ಲಿ ತಿಳಿಸಿದೆ.

ಮೋಟಾರು ವಾಹನ ಕಾನೂನಿನಲ್ಲಿ ವಾಹನಗಳ ಹಿಂಪಡೆ

2019ರ ತಿದ್ದುಪಡಿಯಿಂದ ಮೋಟಾರು ವಾಹನ ಅಧಿನಿಯಮಕ್ಕೆ 110ಎ ಎಂಬ ಕಲಮು ಸೇರಿತು. 2021ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ಪರಿಸರಕ್ಕಾಗಲಿ, ಚಾಲಕರಿಗೆ ಅಥವಾ ರಸ್ತೆಯನ್ನು ಬಳಸುವವರಿಗಾಗಲಿ ಹಾನಿ ಮಾಡಬಹುದಾದ ದೋಷವಿದ್ದರೆ ಒಂದು ಮಾದರಿಯ ವಾಹನಗಳನ್ನೆಲ್ಲ ಹಿಂದಕ್ಕೆ ಪಡೆಯುವಂತೆ ಕೇಂದ್ರ ಸರ್ಕಾರವು ಆದೇಶಿಸಬಹುದು. ಆಗ ತಯಾರಕರು ಪೂರ್ಣ ಬೆಲೆಯನ್ನು ಹಿಂದಿರುಗಿಸಬೇಕು, ಇಲ್ಲವೇ ವಾಹನವನ್ನು ಬದಲಾಯಿಸಿ ಅಥವಾ ದುರಸ್ತಿ ಮಾಡಿ ಕೊಡಬೇಕು. ಏಳು ವರ್ಷ ಮೀರದ ವಾಹನಗಳಿಗೆ ಈ ನಿಯಮ ಅನ್ವಯಿಸುತ್ತದೆ. ಪರಿಸರಕ್ಕೆ ಹಾನಿ ಎಂಬ ಕಾರಣವನ್ನು ಕಾನೂನಿನಲ್ಲಿ ಸ್ಪಷ್ಟವಾಗಿ ಹೇಳಿರುವುದರಿಂದ ಹೊಗೆಯ ದೋಷವೂ ಇದರ ವ್ಯಾಪ್ತಿಗೆ ಬರುತ್ತದೆ.

ಸಂದೇಹ ಮತ್ತು ಸಮಾಧಾನ

ಬೆಂಗಳೂರಿನಲ್ಲಿ ಕೊಂಡ ಕಾರು; ಈಗ ವಾಸ ಪುಣೆಯಲ್ಲಿ. ದೂರು ಎಲ್ಲಿ ಸಲ್ಲಿಸಬೇಕು?
ದೂರುದಾರರು ವಾಸಿಸುವ ಅಥವಾ ಸ್ವತಃ ದುಡಿಯುವ ಊರಿನ ಆಯೋಗದಲ್ಲಿಯೇ ಸಲ್ಲಿಸಬಹುದು. 2019ರ ಅಧಿನಿಯಮವು ತಂದ ಈ ಅನುಕೂಲ ಮುಂಬಯಿ, ಚೆನ್ನೈ, ಹೈದರಾಬಾದ್, ದೆಹಲಿಗಳಲ್ಲಿ ನೆಲೆಸಿದ ಕನ್ನಡಿಗರಿಗೆ ವಿಶೇಷವಾಗಿ ಉಪಯುಕ್ತ. ರಸೀದಿ ಮೊದಲಾದ ಕಾಗದಪತ್ರಗಳು ಕನ್ನಡದಲ್ಲಿದ್ದರೆ, ಆ ಆಯೋಗದಲ್ಲಿ ಬಳಕೆಯಲ್ಲಿರುವ ಭಾಷೆಯ ಅನುವಾದವನ್ನು ಲಗತ್ತಿಸುವುದು ಒಳಿತು.

ಯಾವ ಹಂತದ ಆಯೋಗ? ಶುಲ್ಕವೆಷ್ಟು?
ವಾಹನಕ್ಕೆ ತೆತ್ತ ಬೆಲೆ 50 ಲಕ್ಷ ರೂಪಾಯಿ ಮೀರದಿದ್ದರೆ ಜಿಲ್ಲಾ ಆಯೋಗ. ಬೆಲೆ 5 ಲಕ್ಷದವರೆಗೆ ಶುಲ್ಕವಿಲ್ಲ. 10 ಲಕ್ಷದವರೆಗೆ 200, 20 ಲಕ್ಷದವರೆಗೆ 400, 50 ಲಕ್ಷದವರೆಗೆ 1,000 ರೂಪಾಯಿ. ವಕೀಲರನ್ನು ನೇಮಿಸುವುದು ಕಡ್ಡಾಯವಲ್ಲ.

ಟ್ಯಾಕ್ಸಿ ಓಡಿಸುವವರೂ ದೂರು ಕೊಡಬಹುದೇ?
ವಾಣಿಜ್ಯ ಉದ್ದೇಶಕ್ಕಾಗಿ ಕೊಂಡವರು ಗ್ರಾಹಕರೆನಿಸುವುದಿಲ್ಲ. ಆದರೆ ಕೇವಲ ಸ್ವಂತ ದುಡಿಮೆಯಿಂದ ಜೀವನ ನಡೆಸಲು ವಾಹನ ಕೊಂಡು ಬಳಸುವವರಿಗೆ ಈ ನಿರ್ಬಂಧ ಅನ್ವಯಿಸುವುದಿಲ್ಲ.

ಕಾಲಮಿತಿ ಎಷ್ಟು?
ದೂರಿಗೆ ಕಾರಣ ಉಂಟಾದ ದಿನದಿಂದ ಎರಡು ವರ್ಷ. ತಕ್ಕ ಕಾರಣ ತೋರಿಸಿದರೆ ವಿಳಂಬವನ್ನು ಆಯೋಗ ಮನ್ನಿಸಬಹುದು. ಆದರೆ ಅದನ್ನೇ ನಂಬಿ ಕೂರುವುದು ಯುಕ್ತವಲ್ಲ.

ಸಂಸ್ಥೆಯು ತಂತ್ರಾಂಶವನ್ನು ಉಚಿತವಾಗಿ ಬದಲಾಯಿಸಿಕೊಟ್ಟರೆ ಪರಿಹಾರ ಕೇಳಬಹುದೇ?
ದುರಸ್ತಿ ಒಂದು, ನಷ್ಟಕ್ಕೆ ಪರಿಹಾರ ಇನ್ನೊಂದು. ದುರಸ್ತಿಯ ನಂತರವೂ ನಷ್ಟ ಉಳಿದಿದ್ದರೆ ಅದನ್ನು ಪುರಾವೆಯೊಡನೆ ಕೇಳಬಹುದು. ಆದರೆ ‘ಇನ್ನಾವ ಹಕ್ಕೊತ್ತಾಯವೂ ಇಲ್ಲ’ ಎಂಬರ್ಥದ ಕಾಗದಕ್ಕೆ ಓದದೆ ಸಹಿ ಮಾಡಬಾರದು.

ಮಾಲೀಕರು ಮಾಡಬೇಕಾದ ಕೆಲಸಗಳು

1. ವಾಹನ ಕೊಂಡಾಗಿನ ಮಾಹಿತಿ ಪುಸ್ತಿಕೆ, ಜಾಹೀರಾತು, ಬೆಲೆಯ ರಸೀದಿ, ಸಾಲದ ಪತ್ರಗಳನ್ನು ವಾಹನ ಮಾರುವವರೆಗೂ ಜೋಪಾನವಾಗಿಡಬೇಕು. ಮಾರುವವರು ಏನು ಹೇಳಿಕೊಂಡಿದ್ದರು ಎಂಬುದಕ್ಕೆ ಇವೇ ಸಾಕ್ಷಿ.

2. ಹೊಗೆ ಮಾನದಂಡದ ಉಲ್ಲೇಖವಿರುವ ನೋಂದಣಿ ಪತ್ರ, ಸರ್ವಿಸ್ ದಾಖಲೆ ಹಾಗೂ ಪಿಯುಸಿಗಳನ್ನು ಕ್ರಮವಾಗಿ ಇಡಬೇಕು. ಎಂಜಿನ್ನಿನ ತಂತ್ರಾಂಶವನ್ನು ಹೊರಗಿನವರಿಂದ ಬದಲಾಯಿಸಿದ್ದರೆ ದೋಷ ಯಾರದೆಂಬ ವಾದಕ್ಕೆ ಎಡೆಯಾಗುತ್ತದೆ.

3. ಹಿಂಪಡೆಯ ಸೂಚನೆ ಬಂದಾಗ ದುರಸ್ತಿಗೆ ಮುಂಚಿನ ಮತ್ತು ನಂತರದ ಇಂಧನ ಖರ್ಚನ್ನು ಬರೆದಿಡಬೇಕು. ಮಾಡಿದ ಕೆಲಸದ ಲಿಖಿತ ವಿವರವನ್ನು ಕೇಳಿ ಪಡೆಯಬೇಕು.

4. ಮೊದಲು ತಯಾರಕರಿಗೂ ಮಾರಾಟಗಾರರಿಗೂ ಲಿಖಿತ ನೋಟೀಸು ಕೊಡಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ಕನ್ನಡದಲ್ಲಿಯೂ ಸಲಹೆ ಪಡೆಯಬಹುದು. ಆಯೋಗಕ್ಕೆ ದೂರನ್ನು 2025ರ ಜನವರಿಯಲ್ಲಿ ಆರಂಭವಾದ ‘ಇ-ಜಾಗೃತಿ’ ವ್ಯವಸ್ಥೆಯ ಮೂಲಕ ಮನೆಯಿಂದಲೇ ಸಲ್ಲಿಸಬಹುದು.

5. ಅದೇ ಮಾದರಿಯ ಇತರ ಮಾಲೀಕರೊಡನೆ ಸೇರಬೇಕು. ಪ್ರಯೋಗಾಲಯದ ಪರೀಕ್ಷೆಯ ವೆಚ್ಚ ಒಬ್ಬರಿಗೆ ಭಾರವಾದರೂ ಹತ್ತು ಮಂದಿಗೆ ಹಗುರ.

ಉಪಸಂಹಾರ

ಹೊಗೆಯ ಅಂಕಿಯು ಕಾರಿನ ಗುಣಪಟ್ಟಿಯ ಮೂಲೆಯಲ್ಲಿ ಅಚ್ಚಾಗುವ ಸಣ್ಣ ಸಂಖ್ಯೆ. ಅದನ್ನು ನಂಬಿಯೇ ಸರ್ಕಾರ ವಾಹನಕ್ಕೆ ಅನುಮತಿ ನೀಡುತ್ತದೆ, ಗ್ರಾಹಕರು ಹಣ ತೆರುತ್ತಾರೆ, ನೆರೆಹೊರೆಯವರು ಅರಿಯದೆಯೇ ಅದರ ಫಲವನ್ನು ಉಸಿರಾಡುತ್ತಾರೆ. ಅದು ಸುಳ್ಳೆಂದು ತಿಳಿದಾಗ ಗಾಳಿಯ ಪರವಾಗಿ ಮಾತನಾಡಲು ಮಂಡಳಿಗಳೂ ನ್ಯಾಯಾಧಿಕರಣಗಳೂ ಇವೆ. ಮಾಲೀಕರ ಪರವಾಗಿ ಮೊದಲು ಮಾತನಾಡಬೇಕಾದವರು ಮಾಲೀಕರೇ. ಕಾನೂನು ದಾರಿಯನ್ನು ತೆರೆದಿಟ್ಟಿದೆ; ಕಾಗದಪತ್ರಗಳನ್ನು ಕೈಯಲ್ಲಿ ಹಿಡಿದು, ಅವಧಿ ಮೀರುವ ಮೊದಲು ಆ ದಾರಿಯಲ್ಲಿ ಹೆಜ್ಜೆಯಿಡುವುದು ಅವರ ಕೈಯಲ್ಲಿದೆ.